ಗ್ರಾಮ ಪಂಚಾಯತಿಯಲ್ಲಿ ಆಂತರಿಕ ಲೆಕ್ಕಪರಿಶೋಧನೆ: ಬೆಳೆದು ಬಂದ ಬಗೆ ಮತ್ತು ಸದಸ್ಯರ ಹೊಣೆ

ಪೀಠಿಕೆ

ಲೆಕ್ಕಪರಿಶೋಧನೆ ಎಂಬುದು ವರ್ಷಕ್ಕೊಮ್ಮೆ ಹೊರಗಿನಿಂದ ಬರುವ ಅಧಿಕಾರಿಗಳ ಕೆಲಸ, ಅದಕ್ಕೆ ಉತ್ತರ ಹೇಳುವುದು ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಪಾಡು ಎಂಬ ಭಾವನೆ ಅನೇಕ ಗ್ರಾಮ ಪಂಚಾಯತಿಗಳಲ್ಲಿ ನೆಲೆಯೂರಿದೆ. ಈ ಭಾವನೆಗೆ ಕಾನೂನಿನ ಆಧಾರವಿಲ್ಲ. ಪಂಚಾಯತಿಯ ಹಣವನ್ನು ಹೊರಗಿನವರು ನೋಡುವುದಕ್ಕೆ ಮೊದಲು ಒಳಗಿನವರೇ ನೋಡಬೇಕು ಎಂಬ ತತ್ವವನ್ನು ಅಧಿನಿಯಮವೇ ಒಪ್ಪಿದೆ. ಆ ಕೆಲಸಕ್ಕಾಗಿ ಸದಸ್ಯರ ಸಮಿತಿಯೊಂದನ್ನೂ ನೇಮಿಸಿದೆ. ಆ ಸಮಿತಿ ಹೆಸರಿಗಷ್ಟೇ ಉಳಿಯಬಾರದು, ತಿಂಗಳಿಗೊಮ್ಮೆ ಕುಳಿತು ಲೆಕ್ಕ ನೋಡುವಂತಾಗಬೇಕು ಎಂಬುದೇ ಈ ಪಾಠದ ಉದ್ದೇಶ. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಇತಿಹಾಸವನ್ನೂ ಇಂದಿನ ಪರಿಸ್ಥಿತಿಯನ್ನೂ ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

1. ತಡೆ, ಆಂತರಿಕ ಪರಿಶೋಧನೆ, ಬಾಹ್ಯ ಪರಿಶೋಧನೆ

ಈ ಮೂರು ಬೇರೆ ಬೇರೆ. ಮೊದಲನೆಯದು ಆಂತರಿಕ ತಡೆ. ಒಂದು ಪಾವತಿಗೆ ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿ ಇಬ್ಬರ ಸಹಿಯೂ ಬೇಕೆಂಬುದು ಇದಕ್ಕೆ ಉದಾಹರಣೆ. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂಬುದು ಇದರ ಅರ್ಥ. ಡಿಜಿಟಲ್ ಸಹಿಯ ಡಾಂಗಲ್‌ಗಳೆರಡೂ ಒಬ್ಬರದೇ ಕೈಯಲ್ಲಿದ್ದರೆ, ಎರಡು ಬೀಗ ಹಾಕಿದ ಪೆಟ್ಟಿಗೆಯ ಎರಡೂ ಕೀಲಿಗಳನ್ನು ಒಂದೇ ಗೊಂಚಲಿಗೆ ಕಟ್ಟಿದಂತಾಗುತ್ತದೆ. ತಡೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಎರಡನೆಯದು ಆಂತರಿಕ ಪರಿಶೋಧನೆ. ಈ ತಡೆಗಳು ನಿಜವಾಗಿ ಕೆಲಸ ಮಾಡುತ್ತಿವೆಯೇ, ಹಣ ಉದ್ದೇಶಿತ ಕೆಲಸಕ್ಕೆ ತಲುಪಿದೆಯೇ ಎಂಬುದನ್ನು ಸಂಸ್ಥೆಯು ತನ್ನ ಒಳಗಿನವರಿಂದಲೇ ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುವುದು ಇದು. ಮೂರನೆಯದು ಬಾಹ್ಯ ಪರಿಶೋಧನೆ. ವರ್ಷ ಮುಗಿದ ಬಳಿಕ ಸ್ವತಂತ್ರ ಸಂಸ್ಥೆಯೊಂದು ಲೆಕ್ಕವನ್ನು ಪರೀಕ್ಷಿಸಿ ವರದಿ ನೀಡುತ್ತದೆ. ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಗಳ ಅಂತಾರಾಷ್ಟ್ರೀಯ ಸಂಘಟನೆಯು 1977ರಲ್ಲಿ ಅಂಗೀಕರಿಸಿದ ಲಿಮಾ ಘೋಷಣೆಯು ಆಂತರಿಕ ಮತ್ತು ಬಾಹ್ಯ ಪರಿಶೋಧನೆಗಳ ನಡುವಣ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿದೆ.

ಇವುಗಳ ವ್ಯತ್ಯಾಸ ಸಮಯದಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ಈ ಭಾಗದ ರೈತರು ಮರೆತಿಲ್ಲ. ತಜ್ಞರೂ ಕಾರ್ಮಿಕರೂ ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಇಳಿಸಿ ಕೆಲವೇ ದಿನಗಳಲ್ಲಿ ಹರಿವನ್ನು ತಡೆದರು. ಆದರೆ ಅಷ್ಟರಲ್ಲಿ ನದಿಗೆ ಹೋದ ನೀರು ಹಿಂದಿರುಗಲಿಲ್ಲ. ಉಳಿದ 32 ಗೇಟುಗಳು ಸ್ಥಳದಲ್ಲಿಯೇ ನಿಂತಿದ್ದರೂ ಒಂದು ಕೊಂಡಿ ಸಾಕಾಯಿತು. ಪಂಚಾಯತಿಯ ಹಣವೂ ಹೀಗೆಯೇ. ಬಾಹ್ಯ ಪರಿಶೋಧನೆಯು ಹಣ ಹೇಗೆ ಹೋಯಿತೆಂಬುದನ್ನು ತಿಳಿಸುತ್ತದೆ. ಹೋಗದಂತೆ ತಡೆಯುವ ಅವಕಾಶ ಆಂತರಿಕ ಪರಿಶೋಧನೆಗೆ ಮಾತ್ರ ಇದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ಇಲ್ಲಿ ನೆನೆಯಬಹುದು.

2. ಈ ನೆಲದಲ್ಲಿ ಲೆಕ್ಕ ನೋಡುವ ಪದ್ಧತಿ

ಲೆಕ್ಕವನ್ನು ಊರ ಮುಂದೆ ನೋಡುವ ವಾಡಿಕೆ ಈ ಪ್ರದೇಶಕ್ಕೆ ಹೊಸದಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನೊಳಗೊಂಡ ದತ್ತ ಮಂಡಲಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದನು. ರೈತವಾರಿ ಪದ್ಧತಿ ಇಲ್ಲಿ ಬೇರೂರಿದ ಬಳಿಕ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತಿತ್ತು: ಗ್ರಾಮ ಕರಣಿಕನು ಬರೆದಿಟ್ಟ ಲೆಕ್ಕವನ್ನು ಮೇಲಧಿಕಾರಿ ಬಂದು ಪರಿಶೀಲಿಸಿ, ಆ ವರ್ಷ ಯಾವ ರೈತ ಎಷ್ಟು ಕಂದಾಯ ಕೊಡಬೇಕೆಂಬುದನ್ನು ಇತ್ಯರ್ಥಪಡಿಸುತ್ತಿದ್ದನು. ಬರೆದವನೇ ಪರಿಶೀಲಿಸಬಾರದು ಎಂಬ ಮೂಲ ನಿಯಮ ಇದರಲ್ಲಿ ಅಡಗಿದೆ. ಆದರೆ ಆ ಜಮಾಬಂದಿ ಸರ್ಕಾರಕ್ಕೆ ಬರಬೇಕಾದ ಹಣವನ್ನು ನೋಡುತ್ತಿತ್ತು. ಊರಿಗೆ ಖರ್ಚಾದ ಹಣವನ್ನಲ್ಲ.

ಸಂಡೂರಿನ ಸ್ಥಿತಿ ಬೇರೆಯಾಗಿತ್ತು. ಸುತ್ತಲೂ ಮದ್ರಾಸ್ ಪ್ರಾಂತ್ಯದ ನೆಲ, ನಡುವೆ ದ್ವೀಪದಂತೆ ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನ. 1949ರಲ್ಲಿ ಅದು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಂದ ಮುಂದೆ ಹೊಸಪೇಟೆ, ಕಂಪ್ಲಿ, ಸಂಡೂರು ಎಲ್ಲವೂ ಒಂದೇ ರಾಜ್ಯದ ಲೆಕ್ಕ ಪದ್ಧತಿಗೆ ಒಳಪಟ್ಟವು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಮತ್ತು ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು. ಜಿಲ್ಲೆ ಬೇರೆಯಾದರೂ ಪಂಚಾಯತಿಯ ಲೆಕ್ಕದ ನಿಯಮಗಳು ಒಂದೇ.

3. ಸಂವಿಧಾನದ 73ನೆಯ ತಿದ್ದುಪಡಿಯ ನಂತರ

73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದರ 243-ಜೆ ಅನುಚ್ಛೇದವು ಪಂಚಾಯತಿಗಳ ಲೆಕ್ಕ ಇಡುವುದಕ್ಕೂ ಪರಿಶೋಧಿಸುವುದಕ್ಕೂ ರಾಜ್ಯ ಶಾಸನಸಭೆಯು ಕಾನೂನು ಮಾಡಬಹುದೆಂದು ಹೇಳಿತು. ಕರ್ನಾಟಕದಲ್ಲಿ ಅದೇ ವರ್ಷ ಪಂಚಾಯತ್ ರಾಜ್ ಅಧಿನಿಯಮ ಬಂದಿತು. ಅನಂತರದ ತಿದ್ದುಪಡಿಗಳಿಂದ ಅದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಎಂದು ಹೆಸರಾಯಿತು. ಅಲ್ಲಿಂದೀಚೆಗೆ ಗ್ರಾಮ ಪಂಚಾಯತಿಯ ಲೆಕ್ಕ ನೋಡುವ ಕಣ್ಣುಗಳು ಒಂದೊಂದಾಗಿ ಹೆಚ್ಚಿದವು.

ಮೊದಲನೆಯದು ಶಾಸನಬದ್ಧ ಪರಿಶೋಧನೆ. ಅಧಿನಿಯಮದ 246ನೆಯ ಪ್ರಕರಣದಂತೆ ಇದನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ನಡೆಸುತ್ತದೆ. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ ತಾಂತ್ರಿಕ ಮಾರ್ಗದರ್ಶನ ಇದಕ್ಕಿದೆ; 11ನೆಯ ಹಣಕಾಸು ಆಯೋಗದ ಶಿಫಾರಸಿನ ಫಲವಿದು.

ಎರಡನೆಯದು ಪಂಚಾಯತಿಯ ಜಮಾಬಂದಿ. 2004ರ ಜಮಾಬಂದಿ ನಿಯಮಗಳು ಹಳೆಯ ಹೆಸರಿಗೆ ಹೊಸ ಅರ್ಥ ಕೊಟ್ಟವು. ಮನ್ರೋ ಕಾಲದ ಜಮಾಬಂದಿಯಲ್ಲಿ ರೈತ ಲೆಕ್ಕ ಒಪ್ಪಿಸಬೇಕಿತ್ತು. ಇಂದಿನ ಜಮಾಬಂದಿಯಲ್ಲಿ ಪಂಚಾಯತಿಯು ಗ್ರಾಮಸ್ಥರ ಮುಂದೆ ಹಿಂದಿನ ವರ್ಷದ ಕಾಮಗಾರಿ ಮತ್ತು ಖರ್ಚಿನ ಲೆಕ್ಕ ಒಪ್ಪಿಸಬೇಕು. ಲೆಕ್ಕ ಒಪ್ಪಿಸುವವರೂ ಕೇಳುವವರೂ ಸ್ಥಾನ ಬದಲಾಯಿಸಿಕೊಂಡಿದ್ದಾರೆ. ಎರಡು ಶತಮಾನಗಳಲ್ಲಿ ಆದ ಈ ಬದಲಾವಣೆಯೇ ಪ್ರಜಾಪ್ರಭುತ್ವ.

ಮೂರನೆಯದು ಸಾಮಾಜಿಕ ಪರಿಶೋಧನೆ. ರಾಜಸ್ಥಾನದ ಹಳ್ಳಿಗಳಲ್ಲಿ 1994ರಲ್ಲಿ ಆರಂಭವಾದ ಜನಸುನವಾಯಿಗಳಲ್ಲಿ ಹಾಜರಿ ಪಟ್ಟಿಯನ್ನು ಬಹಿರಂಗವಾಗಿ ಓದಲಾಗುತ್ತಿತ್ತು; ಹೆಸರಿದ್ದವರೇ ಎದ್ದು ನಿಂತು ಕೂಲಿ ಬಂದಿದೆ ಅಥವಾ ಬಂದಿಲ್ಲ ಎನ್ನುತ್ತಿದ್ದರು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೆಯ ಪ್ರಕರಣವು ಈ ಪದ್ಧತಿಯನ್ನು ಗ್ರಾಮಸಭೆಯ ಕಾನೂನುಬದ್ಧ ಕರ್ತವ್ಯವಾಗಿಸಿತು.

ನಾಲ್ಕನೆಯದೇ ಈ ಪಾಠದ ಮುಖ್ಯ ವಿಷಯ. 2015ರ ತಿದ್ದುಪಡಿಯ ನಂತರ 61ನೆಯ ಪ್ರಕರಣದಡಿ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಮೂರು ಸ್ಥಾಯಿ ಸಮಿತಿಗಳಿರಬೇಕು: ಸಾಮಾನ್ಯ ಸ್ಥಾಯಿ ಸಮಿತಿ, ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ. ಎರಡನೆಯ ಸಮಿತಿಯ ಹೆಸರಿನಲ್ಲಿಯೇ ಲೆಕ್ಕಪರಿಶೋಧನೆ ಎಂಬ ಪದವಿದೆ. ಕೇಂದ್ರ ಸರ್ಕಾರದಲ್ಲಿ 1976ರಲ್ಲಿ ಲೆಕ್ಕಪತ್ರವನ್ನು ಪರಿಶೋಧನೆಯಿಂದ ಬೇರ್ಪಡಿಸಿದಾಗ ಸಚಿವಾಲಯಗಳು ತಮ್ಮದೇ ಆಂತರಿಕ ಪರಿಶೋಧನಾ ಘಟಕಗಳನ್ನು ಹೊಂದಿದವು. ಗ್ರಾಮ ಪಂಚಾಯತಿಗೆ ಅಂತಹ ಪ್ರತ್ಯೇಕ ಕಚೇರಿಯಿಲ್ಲ, ಸಿಬ್ಬಂದಿಯಿಲ್ಲ. ಚುನಾಯಿತ ಸದಸ್ಯರ ಈ ಸಮಿತಿಯೇ ಇಲ್ಲಿ ಆಂತರಿಕ ಪರಿಶೋಧನಾ ಘಟಕದ ಕೆಲಸ ಮಾಡಬೇಕಾಗಿದೆ.

4. ಸಣ್ಣ ಊರಿನ ಕಷ್ಟ

ಸಮಿತಿ ಕೂಡದಿರಲು ತಿಳಿವಳಿಕೆಯ ಕೊರತೆಯೊಂದೇ ಕಾರಣವಲ್ಲ. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರು. ಗುತ್ತಿಗೆದಾರ ಒಬ್ಬ ಸದಸ್ಯರ ಸಂಬಂಧಿ, ನೀರುಗಂಟಿ ಇನ್ನೊಬ್ಬರ ಓಣಿಯವನು, ಕರ ವಸೂಲಿಗಾರ ಮತ್ತೊಬ್ಬರ ಸಹಪಾಠಿ. ಓಚರ್ ತೋರಿಸಿ ಎಂದು ಕೇಳಿದರೆ, ನಮ್ಮ ಮೇಲೆ ಅನುಮಾನವೇ ಎಂಬ ಮಾತು ಬರುತ್ತದೆ. ಮದುವೆ, ಜಾತ್ರೆಗಳಲ್ಲಿ ಮುಖ ನೋಡಬೇಕಾದವರು ಸಭೆಯಲ್ಲಿ ಮೌನವಾಗಿ ಕೈಯೆತ್ತುತ್ತಾರೆ. ಹೊಸದಾಗಿ ಆಯ್ಕೆಯಾದ ಮಹಿಳಾ ಸದಸ್ಯರಿಗೆ ಈ ಒತ್ತಡ ಇನ್ನೂ ಹೆಚ್ಚು.

ಈ ಕಷ್ಟ ಈ ಭಾಗದ ಹಳ್ಳಿಗಳದ್ದು ಮಾತ್ರವಲ್ಲ. ನಮ್ಮ ಒಂದು ಜಿಲ್ಲೆಗಿಂತ ಕಡಿಮೆ ಜನರಿರುವ ದ್ವೀಪರಾಷ್ಟ್ರಗಳ ಸರ್ಕಾರಗಳೂ ಇದನ್ನು ಎದುರಿಸುತ್ತವೆ. ಅಲ್ಲಿಯೂ ಪರಿಶೋಧಕ ಮತ್ತು ಪರಿಶೋಧನೆಗೆ ಒಳಗಾಗುವವರು ನೆರೆಹೊರೆಯವರು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದೇಶವು 2003ರಲ್ಲಿ ಆಂತರಿಕ ಲೆಕ್ಕಪರಿಶೋಧನೆಗೆಂದೇ ಕಾಯ್ದೆ ಮಾಡಿ, ಆ ಕೆಲಸವನ್ನು ಮಂಡಳಿಯೊಂದರ ಮೇಲ್ವಿಚಾರಣೆಗೆ ಒಪ್ಪಿಸಿತು. ಪರಿಶೋಧನೆ ಒಬ್ಬ ವ್ಯಕ್ತಿಯ ಧೈರ್ಯವನ್ನು ಅವಲಂಬಿಸದೆ ವ್ಯವಸ್ಥೆಯ ಭಾಗವಾದಾಗ ಸಣ್ಣ ಸಮಾಜದಲ್ಲಿಯೂ ಅದು ನಡೆಯುತ್ತದೆ.

ಗ್ರಾಮ ಪಂಚಾಯತಿಗೂ ಇದೇ ಪರಿಹಾರ. ಅನುಮಾನ ಬಂದಾಗ ಮಾತ್ರ ಲೆಕ್ಕ ಕೇಳಿದರೆ ಅದು ಆರೋಪವಾಗುತ್ತದೆ. ಪ್ರತಿ ತಿಂಗಳು, ಗೊತ್ತಾದ ದಿನ, ಗೊತ್ತಾದ ದಾಖಲೆಗಳನ್ನು, ಯಾರ ಕೆಲಸವಾದರೂ ಒಂದೇ ರೀತಿಯಲ್ಲಿ ನೋಡಿದರೆ ಅದು ಪದ್ಧತಿಯಾಗುತ್ತದೆ. ಪದ್ಧತಿಗೆ ಯಾರೂ ಮುನಿಸಿಕೊಳ್ಳುವುದಿಲ್ಲ. ಪ್ರಾಮಾಣಿಕ ಸಿಬ್ಬಂದಿಗೂ ಇದರಿಂದ ರಕ್ಷಣೆ ಇದೆ: ಪ್ರತಿ ತಿಂಗಳು ಸಮಿತಿ ನೋಡಿ ಸಹಿ ಮಾಡಿದ ಲೆಕ್ಕದ ಮೇಲೆ ಊರಿನಲ್ಲಿ ಗಾಳಿಮಾತು ಹಬ್ಬುವುದು ಕಷ್ಟ.

5. ತಿಂಗಳಿಗೊಮ್ಮೆ ನೋಡಬೇಕಾದ ಐದು ಅಂಶಗಳು

ಸಾಮಾನ್ಯ ಸಭೆಗೆ ಒಂದೆರಡು ದಿನ ಮುಂಚಿತವಾಗಿ ಸಮಿತಿಯು ಕಚೇರಿಯಲ್ಲಿ ಕೂಡುವುದು ಅನುಕೂಲ. ಲೆಕ್ಕಶಾಸ್ತ್ರದ ಪದವಿ ಬೇಕಿಲ್ಲ; ಕೂಡಿಸಿ ಕಳೆಯುವುದು ತಿಳಿದಿದ್ದರೆ ಸಾಕು.

(ಅ) ನಗದು ಪುಸ್ತಕ ಮತ್ತು ಬ್ಯಾಂಕ್ ಲೆಕ್ಕದ ತಾಳೆ. ಎರಡೂ ಶಿಲ್ಕುಗಳು ಯಾವಾಗಲೂ ಒಂದೇ ಇರಬೇಕೆಂದಿಲ್ಲ. ಆದರೆ ವ್ಯತ್ಯಾಸಕ್ಕೆ ಪೈಸೆ ಪೈಸೆಯ ಕಾರಣ ಇರಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಗದು ಪುಸ್ತಕದಲ್ಲಿ ರೂ. 4,12,600, ಬ್ಯಾಂಕಿನಲ್ಲಿ ರೂ. 4,68,100 ಇದೆ. ವ್ಯತ್ಯಾಸ ರೂ. 55,500. ಪಂಚಾಯತಿ ಕೊಟ್ಟ ರೂ. 48,000ದ ಚೆಕ್ಕು ಇನ್ನೂ ನಗದಾಗಿಲ್ಲ. ಬ್ಯಾಂಕು ಜಮೆ ಮಾಡಿದ ರೂ. 7,500 ಬಡ್ಡಿಯನ್ನು ನಗದು ಪುಸ್ತಕಕ್ಕೆ ಏರಿಸಿಲ್ಲ. ಎರಡನ್ನೂ ಕೂಡಿಸಿದರೆ ರೂ. 55,500, ಲೆಕ್ಕ ತಾಳೆಯಾಯಿತು. ಕಾರಣ ಹೇಳಲಾಗದ ಮೊತ್ತ ಸಣ್ಣದಾದರೂ ಅದನ್ನು ನಡವಳಿಯಲ್ಲಿ ದಾಖಲಿಸಬೇಕು. ಇದನ್ನು ವರ್ಗ-1ರ ಸ್ವಂತ ನಿಧಿ, ಹಣಕಾಸು ಆಯೋಗದ ಅನುದಾನ ಮುಂತಾದ ಪ್ರತಿ ಖಾತೆಗೂ ಪ್ರತ್ಯೇಕವಾಗಿ ಮಾಡಬೇಕು.

(ಆ) ಕರದ ಬೇಡಿಕೆ, ವಸೂಲಿ, ಬಾಕಿ. ವಸೂಲಿಗಾರರಿಗೆ ಕೊಟ್ಟ ರಸೀದಿ ಪುಸ್ತಕಗಳೆಷ್ಟು, ಹಿಂದಿರುಗಿದವೆಷ್ಟು, ವಸೂಲಾದ ಹಣ ಎಷ್ಟು ದಿನಗಳಲ್ಲಿ ಬ್ಯಾಂಕಿಗೆ ಹೋಯಿತು ಎಂಬುದನ್ನು ನೋಡಬೇಕು. ಆಸ್ತಿ ತೆರಿಗೆಯೊಂದಿಗೆ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ ಮುಂತಾದವು ಪಂಚಾಯತಿಯ ಹಣವಲ್ಲ. ಅವನ್ನು ಸಂಬಂಧಿಸಿದ ಇಲಾಖೆಗೆ ಸಂದಾಯ ಮಾಡಬೇಕು. ಬಿಲ್ಲುಗಳಲ್ಲಿ ಕಡಿತ ಮಾಡಿದ ರಾಜಧನ ಮತ್ತು ಶೇ. 1ರ ಕಾರ್ಮಿಕ ಕಲ್ಯಾಣ ಉಪಕರಕ್ಕೂ ಇದೇ ನಿಯಮ. ಕಡಿತ ಮಾಡಿ ಇಟ್ಟುಕೊಂಡ ಹಣ ಖಾತೆಯಲ್ಲಿ ಕಂಡಾಗ ಪಂಚಾಯತಿಯ ಬಳಿ ಹಣವಿದೆ ಎಂಬ ಭ್ರಮೆ ಹುಟ್ಟುತ್ತದೆ.

(ಇ) ಕಾಮಗಾರಿಯ ಅಳತೆ. ಅಳತೆ ಪುಸ್ತಕವನ್ನು ಕೈಯಲ್ಲಿ ಹಿಡಿದು, ಟೇಪಿನೊಂದಿಗೆ ಸ್ಥಳಕ್ಕೆ ಹೋಗುವುದಕ್ಕೆ ಸಮನಾದ ಪರಿಶೋಧನೆ ಇಲ್ಲ. ಅಳತೆ ಪುಸ್ತಕದಲ್ಲಿ ಕಾಂಕ್ರೀಟ್ ರಸ್ತೆಯ ಉದ್ದ 60 ಮೀಟರ್, ಅಗಲ 3 ಮೀಟರ್, ದಪ್ಪ 0.15 ಮೀಟರ್ ಎಂದು ಇದ್ದರೆ ಒಟ್ಟು 27 ಘನ ಮೀಟರ್. ಸ್ಥಳದಲ್ಲಿ ಉದ್ದ 52 ಮೀಟರ್ ಮಾತ್ರ ಇದ್ದರೆ 23.4 ಘನ ಮೀಟರ್. ಕಡಿಮೆಯಾದದ್ದು 3.6 ಘನ ಮೀಟರ್. 1:1.5:3 ಪ್ರಮಾಣದ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು ಬೇಕಾಗುವುದರಿಂದ ಸುಮಾರು 29 ಚೀಲ ಸಿಮೆಂಟಿಗೆ ಲೆಕ್ಕ ಸಿಗುವುದಿಲ್ಲ. ಈ ಅಳತೆಯನ್ನು ಬಿಲ್ಲು ಪಾವತಿಯಾಗುವುದಕ್ಕೆ ಮೊದಲು ಮಾಡಿದರೆ ಬಿಲ್ಲು ತಿದ್ದಿದರಾಯಿತು. ನಂತರ ಮಾಡಿದರೆ ಅದು ವಸೂಲಾತಿ ಪ್ರಕರಣ.

(ಈ) ಕುಡಿಯುವ ನೀರಿನ ದುರಸ್ತಿ ವೆಚ್ಚ. ಬೇಸಿಗೆಯಲ್ಲಿ ಮೋಟರ್ ಸುಟ್ಟರೆ ಟೆಂಡರಿಗೆ ಕಾಯಲಾಗದು; ತುರ್ತು ವೆಚ್ಚ ಅನಿವಾರ್ಯ. ಆದ್ದರಿಂದಲೇ ದಾಖಲೆ ಬಿಗಿಯಾಗಿರಬೇಕು. ಯಾವ ಕೊಳವೆಬಾವಿ, ಎಷ್ಟು ಎಚ್.ಪಿ. ಮೋಟರ್, ಹಿಂದಿನ ಬಾರಿ ರಿವೈಂಡಿಂಗ್ ಆದದ್ದು ಯಾವಾಗ, ಕಳಚಿದ ಹಳೆಯ ಬಿಡಿಭಾಗಗಳು ದಾಸ್ತಾನು ವಹಿಗೆ ಸೇರಿವೆಯೇ ಎಂಬ ನಾಲ್ಕು ಪ್ರಶ್ನೆ ಸಾಕು. ಒಂದೇ ಮೋಟರ್ ಮೇಲಿಂದ ಮೇಲೆ ಸುಡುತ್ತಿದ್ದರೆ ಅದು ಯಾವಾಗಲೂ ಮೋಸವಲ್ಲ. ವಿದ್ಯುತ್ ವೋಲ್ಟೇಜಿನ ಅಥವಾ ಅಂತರ್ಜಲ ಕುಸಿತದ ಸೂಚನೆಯೂ ಆಗಿರಬಹುದು. ಒಳ್ಳೆಯ ಪರಿಶೋಧನೆ ತಪ್ಪಿತಸ್ಥರನ್ನು ಮಾತ್ರವಲ್ಲ, ದೋಷದ ಕಾರಣವನ್ನೂ ಹುಡುಕುತ್ತದೆ.

(ಉ) ಅನುಮತಿ ಮತ್ತು ಆಸ್ತಿ ವಹಿ. ಹಂಪಿ ಪರಿಸರದಲ್ಲಿ ಕಾಮಗಾರಿ ಆರಂಭಿಸುವ ಮುನ್ನ ವಿಶೇಷ ಎಚ್ಚರ ಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮಗಳೂ ಇವೆ. ಅನುಮತಿ ಪತ್ರವಿಲ್ಲದ ಕಡತಕ್ಕೆ ಹಣ ಬಿಡುಗಡೆಯಾದರೆ, ಕೆಲಸ ಅರ್ಧಕ್ಕೆ ನಿಂತು ಅದುವರೆಗಿನ ವೆಚ್ಚ ವ್ಯರ್ಥವಾಗುತ್ತದೆ. ಸಂಡೂರು ಭಾಗದಲ್ಲಿ ಪ್ರಶ್ನೆ ಬೇರೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಸ್ಥಾಪನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲಿ ಬೇರೆ ಅನುಷ್ಠಾನ ಸಂಸ್ಥೆಗಳೂ ಹಳ್ಳಿಗಳಲ್ಲಿ ಕಾಮಗಾರಿ ಮಾಡುತ್ತವೆ. ಶಾಲಾ ಕೊಠಡಿಯೋ ನೀರಿನ ಘಟಕವೋ ಮುಗಿದ ಮೇಲೆ ಹಸ್ತಾಂತರ ಪತ್ರ ಬಂದಿದೆಯೇ, ಆಸ್ತಿ ವಹಿಯಲ್ಲಿ ನಮೂದಾಗಿದೆಯೇ ಎಂದು ಸಮಿತಿ ನೋಡಬೇಕು. ವಹಿಯಲ್ಲಿ ಇಲ್ಲದ ಆಸ್ತಿಗೆ ಹೊಣೆಗಾರರಿಲ್ಲ. ಅದೇ ಕೆಲಸಕ್ಕೆ ಪಂಚಾಯತಿಯ ಕ್ರಿಯಾ ಯೋಜನೆಯಲ್ಲಿ ಮತ್ತೊಮ್ಮೆ ಹಣ ಸೇರುವ ಅಪಾಯವೂ ಇದೆ.

6. ಪರಿಶೋಧನಾ ವರದಿ ಬಂದ ಮೇಲೆ

ಶಾಸನಬದ್ಧ ಪರಿಶೋಧನೆಯ ವರದಿಯನ್ನು ಕಪಾಟಿನಲ್ಲಿಡುವಂತಿಲ್ಲ. ವರದಿ ತಲುಪಿದ ಮೂರು ತಿಂಗಳೊಳಗೆ ಪಂಚಾಯತಿಯು ನ್ಯೂನತೆಗಳನ್ನು ಸರಿಪಡಿಸಿ ಅಥವಾ ವಿವರಣೆ ನೀಡಿ ತಾಲ್ಲೂಕು ಪಂಚಾಯತಿಗೆ ತಿಳಿಸಬೇಕು. ಆಕ್ಷೇಪಣೆಗಳು ಬಹುತೇಕ ಎರಡು ಬಗೆ. ದಾಖಲೆ ಹಾಜರುಪಡಿಸದ ಕಾರಣಕ್ಕೆ ಆಕ್ಷೇಪಣೆಯಲ್ಲಿರಿಸಿದ ಮೊತ್ತ ಒಂದು. ವಸೂಲು ಮಾಡಬೇಕೆಂದು ಸೂಚಿಸಿದ ಮೊತ್ತ ಇನ್ನೊಂದು. ಮೊದಲನೆಯ ಬಗೆಯ ಕಂಡಿಕೆಗಳಿಗೆ ಓಚರ್, ಅಂದಾಜು ಪಟ್ಟಿ, ಅಳತೆ ಪುಸ್ತಕ ಒದಗಿಸಿದರೆ ತೀರುವಳಿ ದೊರೆಯಬಹುದು. ಆದರೆ ವರ್ಷಗಳು ಕಳೆದು, ಸಿಬ್ಬಂದಿ ವರ್ಗಾವಣೆಯಾಗಿ, ಕಡತ ಸಿಗದಾದಾಗ ನಿಜವಾಗಿ ಆದ ಕೆಲಸವೂ ಆಗದ ಕೆಲಸದಂತೆ ಕಾಣುತ್ತದೆ.

ಕಾನೂನಿಗೆ ವಿರುದ್ಧವಾದ ಪಾವತಿಯ ಹೊಣೆ ಅದನ್ನು ಮಾಡಿದವರ ಮೇಲೆ ಮಾತ್ರವಲ್ಲ, ಮಾಡಲು ಅಧಿಕಾರ ಕೊಟ್ಟವರ ಮೇಲೂ ಬರುತ್ತದೆ. ಓದದೆ ಅಂಗೀಕರಿಸಿದ ಠರಾವು ಸದಸ್ಯರನ್ನು ಈ ಹೊಣೆಯಿಂದ ಪಾರುಮಾಡುವುದಿಲ್ಲ. ಒಪ್ಪಿಗೆಯಿಲ್ಲದ ವಿಷಯದಲ್ಲಿ ಭಿನ್ನಾಭಿಪ್ರಾಯವನ್ನು ನಡವಳಿಯಲ್ಲಿ ಬರೆಸುವುದು ಸದಸ್ಯರಿಗಿರುವ ಸರಳ ರಕ್ಷಣೆ. ಅನುದಾನಕ್ಕೂ ಲೆಕ್ಕಕ್ಕೂ ನೇರ ಸಂಬಂಧವಿದೆ: 2021–26ರ ಅವಧಿಗೆ 15ನೆಯ ಹಣಕಾಸು ಆಯೋಗವು, ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ ಮತ್ತು ಅದರ ಹಿಂದಿನ ವರ್ಷದ ಪರಿಶೋಧಿತ ಲೆಕ್ಕ ಆನ್‌ಲೈನಿನಲ್ಲಿ ಸಾರ್ವಜನಿಕರಿಗೆ ಲಭ್ಯವಿದ್ದರೆ ಮಾತ್ರ ಅನುದಾನ ಎಂಬ ಷರತ್ತು ವಿಧಿಸಿತು. ಲೆಕ್ಕ ತಡವಾದರೆ ನಲ್ಲಿಯ ನೀರೂ ತಡವಾಗುತ್ತದೆ.

7. ಸಾರ

ಪಂಚತಂತ್ರ ತಂತ್ರಾಂಶ, ಇ-ಗ್ರಾಮ್‌ಸ್ವರಾಜ್ ಪೋರ್ಟಲ್‌ಗಳಿಂದ ಲೆಕ್ಕ ಇಡುವುದು ಸುಲಭವಾಗಿದೆ. ಆದರೆ ತಂತ್ರಾಂಶವು ತನಗೆ ಕೊಟ್ಟ ಅಂಕಿಯನ್ನು ನಂಬುತ್ತದೆ. 52 ಮೀಟರ್ ರಸ್ತೆಯನ್ನು 60 ಎಂದು ನಮೂದಿಸಿದರೆ 60 ಎಂದೇ ಕೂಡಿಸುತ್ತದೆ. ಆ ರಸ್ತೆಯ ಮೇಲೆ ದಿನವೂ ನಡೆಯುವ ಸದಸ್ಯರಿಗೆ ಮಾತ್ರ ಅದು ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತು. ಹೊರಗಿನ ಯಾವ ಪರಿಶೋಧಕರಿಗೂ ಇಲ್ಲದ ಈ ತಿಳಿವಳಿಕೆಯೇ ಆಂತರಿಕ ಪರಿಶೋಧನೆಯ ಬಂಡವಾಳ. ಅದನ್ನು ತಿಂಗಳಿಗೊಮ್ಮೆ ದಾಖಲೆಯೊಂದಿಗೆ ತಾಳೆ ನೋಡುವುದು ಸಮಿತಿಯ ಕರ್ತವ್ಯ.

ಸಮಿತಿ ಸಭೆಯಲ್ಲಿ ಚರ್ಚೆಗೆ

1. ಪಂಚಾಯತಿಯ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ? ಆ ಸಭೆಯ ನಡವಳಿ ಇದೆಯೇ?
2. ಕಳೆದ ತಿಂಗಳ ಕೊನೆಯ ದಿನಕ್ಕೆ ಪ್ರತಿ ಬ್ಯಾಂಕ್ ಖಾತೆಯ ತಾಳೆ ಪಟ್ಟಿ ಸಿದ್ಧವಾಗಿದೆಯೇ?
3. ಅಧ್ಯಕ್ಷರ ಡಾಂಗಲ್ ಯಾರ ವಶದಲ್ಲಿದೆ?
4. ತೀರುವಳಿಯಾಗದೆ ಉಳಿದ ಅತ್ಯಂತ ಹಳೆಯ ಆಕ್ಷೇಪಣಾ ಕಂಡಿಕೆ ಯಾವ ವರ್ಷದ್ದು? ಅದಕ್ಕೆ ಬೇಕಾದ ದಾಖಲೆ ಯಾವುದು, ಅದು ಎಲ್ಲಿದೆ?
5. ಈ ತಿಂಗಳು ಪಾವತಿಗೆ ಬಂದಿರುವ ಕಾಮಗಾರಿಗಳಲ್ಲಿ ಒಂದನ್ನು ಆರಿಸಿ, ಬಿಲ್ಲಿಗೆ ಸಹಿಯಾಗುವ ಮುನ್ನ ಸ್ಥಳದಲ್ಲಿ ಅಳೆದು, ಅಳತೆಯನ್ನು ನಡವಳಿಯಲ್ಲಿ ಬರೆಯಿರಿ.